ಮಿಲ್ಲಿಂಗ್ ಮಷಿನ್ ಬೇಕೋ ಬೇಡವೋ

ಕರ್ರ್, ಕರ್ರ್, ಟಕ್. ಭಾನುವಾರ ಬೆಳಿಗ್ಗೆ ನಮ್ಮ ಗೋರೆಗಾಂವ್ ಮನೆಯ ಹಿಂದಿನ ವರಾಂಡದಿಂದ ಬರುತ್ತಿದ್ದ ಸದ್ದು ಇದು. ಬೀಡು ಕಬ್ಬಿಣದ ಮೇಲೆ ಅರ ಹೋಗಿ ಬಂದರೆ ಕರ್ರ್. ಹಿಡಿತ ಜಾರಿ ಅರದ ತುದಿ ತುಂಡನ್ನು ಬಿಗಿದ ವೈಸ್‌ಗೆ ತಾಗಿದರೆ ಟಕ್. ಮದುವೆಯಾದ ಹೊಸತರಲ್ಲಿ ಟಕ್ ಇರಲಿಲ್ಲ, ಬರೀ ಕರ್ರ್ ಇತ್ತು. ಅದನ್ನು ಕೇಳುತ್ತಾ ನಾನು ಒಳಗೆ ಕಾಫಿ ಸೋಸುತ್ತಿದ್ದೆ. ಆ ಟಕ್ ಎಪ್ಪತ್ತರ ದಶಕದ ಶುರುವಿನಲ್ಲಿ ನಮ್ಮ ಮನೆಗೆ ಬಂತು. ಒಂದೊಂದು ಟಕ್‌ಗೂ ಅತ್ತೆ ತರಕಾರಿ ಹೆಚ್ಚುವುದನ್ನು ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದರು.

ನನ್ನ ಗಂಡ ರೈಲು ಹಳಿಯ ಆಚೆಗಿನ ಒಂದು ಫ್ಯಾಕ್ಟರಿಯಲ್ಲಿ ಟರ್ನರ್. ಲೇಥ್ ಅವರ ಮಷಿನ್. ಒಂದು ದಿನ ಪ್ರೆಸ್ ಶಾಪಿನಲ್ಲಿ ಆಳು ಕಮ್ಮಿಯಿದೆ ಎಂದು ಅಲ್ಲಿಗೆ ಕಳಿಸಿದರು. ಅಚ್ಚು ಕೂರಿಸುತ್ತಿದ್ದಾಗ ಪ್ರೆಸ್ ಕೆಳಗಿಳಿಯಿತು. ಬಲಗೈಯ ತೋರುಬೆರಳು, ನಡುಬೆರಳು, ಎರಡೂ ಅರ್ಧ ಹೋದವು. ಯಾರೂ ಬಟನ್ ಒತ್ತಲಿಲ್ಲ ಅಂದರು ಅಲ್ಲಿದ್ದವರು. ಮಷಿನ್ ಸರಿ ಇದೆ ಅಂದರು ನೋಡಲು ಬಂದವರು. ಹಾಗಾದರೆ ಯಾಕೆ ಇಳಿಯಿತು ಎಂದು ಮಾತ್ರ ಯಾರೂ ಹೇಳಲಿಲ್ಲ.

ಆಮೇಲೆ ಅವರಿಗೆ ಸ್ಟೋರ್ಸಿನಲ್ಲಿ ಕುರ್ಚಿ ಕೊಟ್ಟರು. ಲೈಟ್ ಡ್ಯೂಟಿ. ನಟ್ಟು ಬೋಲ್ಟು ಎಣಿಸಿ ಕೊಡುವ ಕೆಲಸ. ಸಂಜೆ ಕೈಗೆ ಎಣ್ಣೆ ಹತ್ತದೆ ಮನೆಗೆ ಬರುತ್ತಿದ್ದರು. ಮಂಗಳೂರಿನ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನಮಗೆ ಕರ್ಚೀಫಿಗೆ ಕೊಲೋನ್ ಹಾಕಿಕೊಂಡು ನಡೆಯಲು ಕಲಿಸಿದವರು. ಅಂಥ ನಾನು ಒಬ್ಬ ಗಂಡಸಿನ ಅಂಗಿಯಲ್ಲಿ ಮಷಿನ್ ಎಣ್ಣೆಯ ವಾಸನೆ ಹುಡುಕಿ, ಸಿಗದೆ, ಬಕೆಟ್ ಮುಂದೆ ಸುಮ್ಮನೆ ನಿಂತದ್ದುಂಟು. ಸಿಲ್ಲಿ, ಐ ನೋ.

ಅವರಿಗೆ ಒಂದು ಹುಚ್ಚಿತ್ತು. ಅಂಗೈ ಮೇಲೆ ಕೂರುವಷ್ಟು ಚಿಕ್ಕ ಸ್ಟೀಮ್ ಎಂಜಿನ್, ನಿಜವಾಗಿ ಓಡುವಂಥದ್ದು, ಮನೆಯಲ್ಲೇ ಮಾಡುವುದು. ವರಾಂಡದಲ್ಲಿ ಕಾಲಿನಿಂದ ತುಳಿಯುವ ಹಳೇ ಲೇಥ್ ಇತ್ತು. ಗಾಲಿ, ಪಿಸ್ಟನ್, ದಂಡ, ಉರುಟಾಗಿರುವುದೆಲ್ಲ ಅಪಘಾತಕ್ಕೆ ಮೊದಲೇ ಮುಗಿದಿತ್ತು. ಉಳಿದದ್ದು ಸಿಲಿಂಡರಿನ ಒಂದು ಪಕ್ಕದ ಚಪ್ಪಟೆ ಮುಖ. ಅದರ ಮೇಲೆ ಹಬೆಯನ್ನು ಒಳಗೆ ಹೊರಗೆ ಬಿಡುವ ಒಂದು ಪುಟ್ಟ ಹಲಗೆ ಜಾರಬೇಕು. ಮುಖ ಕನ್ನಡಿಯ ಹಾಗೆ ಸಮ ಇರದಿದ್ದರೆ ಹಬೆ ಸೋರಿ ಎಂಜಿನ್ ಸತ್ತ ಹಾಗೆ. ಆ ಮುಖವನ್ನು ಅವರು ಅರದಿಂದ ಉಜ್ಜಿ ಉಜ್ಜಿ ಸಮ ಮಾಡುತ್ತಿದ್ದರು. ಎರಡು ಬೆರಳಿಲ್ಲದ ಕೈಯಲ್ಲಿ ಅರ ಅತ್ತಿತ್ತ ತೂಗುತ್ತದೆ. ತೂಗಿದರೆ ಅಂಚು ಸವೆದು ನಡು ಉಬ್ಬುತ್ತದೆ. ದಪ್ಪ ಗಾಜಿಗೆ ನೀಲಿ ಹಚ್ಚಿ ಅದರ ಮೇಲೆ ಸಿಲಿಂಡರ್ ಒತ್ತಿ ನೋಡುತ್ತಿದ್ದರು. ಪ್ರತಿ ಸಲವೂ ನೀಲಿ ನಡುವಿಗೆ ಮಾತ್ರ.

"ಹೊಟ್ಟೆ ಬಂದಿದೆ ಇದಕ್ಕೆ," ಎನ್ನುತ್ತಿದ್ದರು.

"ನಿಮಗೂ ಬರ್ತಾ ಉಂಟು, ಸ್ಟೋರ್ಸಿನಲ್ಲಿ ಕೂತು ಕೂತು."

ನಗುತ್ತಿದ್ದರು. ಮತ್ತೆ ಅರ ಎತ್ತುತ್ತಿದ್ದರು. ಕರ್ರ್, ಕರ್ರ್, ಟಕ್.

ನಾನು ಫೋರ್ಟಿನ ಒಂದು ಆಫೀಸಿನಲ್ಲಿ ಸ್ಟೆನೋ. ಸಂಜೆ ಫುಟ್‌ಪಾತ್ ಪುಸ್ತಕದಂಗಡಿಯಲ್ಲಿ ಹಳೇ ಇಂಗ್ಲಿಷ್ ಪತ್ರಿಕೆ ಹುಡುಕುತ್ತಿದ್ದೆ, ಮನೆಯಲ್ಲಿ ಎಂಜಿನ್ ಮಾಡುವವರಿಗಾಗಿಯೇ ಬರುತ್ತಿದ್ದಂಥವು. ನನ್ನ ಗಂಡ ಓದಿದ್ದು ಕನ್ನಡದಲ್ಲಿ, ಆಮೇಲೆ ಐಟಿಐ. ಡ್ರಾಯಿಂಗ್ ಇಂಗ್ಲಿಷಿನಲ್ಲಿದ್ದರೂ ಅರೆಕ್ಷಣದಲ್ಲಿ ಅರ್ಥವಾಗುತ್ತಿತ್ತು, ಉದ್ದದ ಲೇಖನಗಳು ಬೇಸರ ತರುತ್ತಿದ್ದವು. ಆದ್ದರಿಂದ ಅವರು ಕೆಲಸ ಮಾಡುವಾಗ ನಾನು ಮೋಡದ ಮೇಲೆ ಕೂತು ಓದಿ ಕನ್ನಡದಲ್ಲಿ ಹೇಳುವುದು. ಮೋಡ ಅಂದರೆ ನೀಲಿ ಬಣ್ಣದ ಒಂದು ಮರದ ಸ್ಟೂಲು, ಅತ್ತೆ ಇಟ್ಟ ಹೆಸರು. ಹೀಗೆ ಓದುತ್ತಾ ಓದುತ್ತಾ ನನಗೂ ವಿಷಯ ತಲೆಗೆ ಹತ್ತಿತು. ಲೇಥಿನಲ್ಲಿ ಜಾಬ್, ಅಂದರೆ ಕೆತ್ತಬೇಕಾದ ತುಂಡು, ತಿರುಗುತ್ತದೆ, ಕತ್ತರಿಸುವ ಉಳಿ ತಿರುಗುವುದಿಲ್ಲ. ಮಿಲ್ಲಿಂಗ್ ಮಷಿನಿನಲ್ಲಿ ಹಲ್ಲುಗಳಿರುವ ಕಟರ್ ತಿರುಗುತ್ತದೆ, ಜಾಬ್ ಒಂದು ಟೇಬಲ್ಲಿನ ಮೇಲೆ ಬಿಗಿದುಕೊಂಡು ಅದರಡಿಗೆ ಹೋಗುತ್ತದೆ. ಟೇಬಲ್ ದೂಡುವುದಕ್ಕೆ ಹಿಡಿಕೆ ತಿರುಗಿಸಿದರೆ ಸಾಕು. ಹಿಡಿಕೆಗೆ ಬೆರಳಿನ ಬಿಗಿ ಬೇಡ, ಅಂಗೈ ಇದ್ದರೂ ಆಗುತ್ತದೆ.

ಈ ಕೊನೆಯ ಮಾತು ಯಾವ ಲೇಖನದಲ್ಲೂ ಇರಲಿಲ್ಲ. ಓದುತ್ತಿದ್ದಾಗ ನನಗೇ ಹೊಳೆಯಿತು. ಹೊಳೆದ ಮೇಲೆ ನಾನು ಬಿಡುವವಳಲ್ಲ.

ಪತ್ರಿಕೆಯ ಪಂಡಿತರಲ್ಲಿ ಜಗಳವಿತ್ತು. ಮನೆಯಲ್ಲಿ ಕೆಲಸ ಮಾಡುವವನಿಗೆ ಮಿಲ್ಲಿಂಗ್ ಮಷಿನ್ ಯಾಕೆ, ಲೇಥಿಗೇ ಒಂದು ಅಟ್ಯಾಚ್‌ಮೆಂಟ್ ಹಾಕಿಕೊಳ್ಳಲಿ ಎಂದು ಒಬ್ಬ. ಹಾಗೆ ಮಾಡಿ ಹತ್ತು ವರ್ಷ ವೇಸ್ಟ್ ಮಾಡಿದೆ ಎಂದು ಇನ್ನೊಬ್ಬ. ಮೊದಲು ನಾವು ಅದನ್ನೂ ಮಾಡಿ ನೋಡಿದೆವು. ನಮ್ಮ ಬಡಪಾಯಿ ಲೇಥ್ ಗಡಗಡ ನಡುಗಿತು, ಸಿಲಿಂಡರಿನ ಮೇಲೆ ರಾಗಿ ಹೊಲದಂಥ ಸಾಲು ಬಿತ್ತು. ಮೇಲಿನ ಮನೆಯ ಧಾರವಾಡದಾಕೆ ಕಟಕಟೆಯಿಂದ ಬಗ್ಗಿ, "ಏನ್ ನಡಸೀರಿ ಅಕ್ಕಾರ? ನಮ್ಮ ಮನ್ಯಾಗ ಕಪ್ಪು ಬಸಿ ಕುಣ್ಯಾಕ ಹತ್ಯಾವು," ಎಂದರು. ಆ ಸಾಲುಗಳನ್ನು ತೆಗೆಯಲು ಮತ್ತೆ ಅರವೇ ಬೇಕಾಯಿತು.

ಹೊಸ ಮಷಿನ್ ಆಗ ಎಲ್ಲಿ? ವಿದೇಶದ್ದು ತರಿಸುವ ಹಾಗಿಲ್ಲ, ಇಲ್ಲಿ ಸಿಗುವುದೆಲ್ಲ ಫ್ಯಾಕ್ಟರಿಗೆಂದು ಮಾಡಿದ ಆನೆಗಳು. ಒಂದು ಸಂಜೆ ನಾನು ಪುಸ್ತಕದಂಗಡಿಯವನನ್ನು, ಇಂಥ ಪತ್ರಿಕೆಗಳು ನಿನಗೆ ಎಲ್ಲಿಂದ ಬರುತ್ತವೆ ಎಂದು ಕೇಳಿದೆ. "ಏಕ್ ಬಾವಾಜಿ ಕಾ ಹೈ, ಗ್ರಾಂಟ್ ರೋಡ್ ವಾಲಾ. ಮಷಿನ್ ಭೀ ಬೇಚ್ ರಹಾ ಹೈ," ಎಂದ. ಎಲ್ಲ ಒಬ್ಬ ಪಾರ್ಸಿ ಮುದುಕರವು, ಈಗ ಮಷಿನ್ನೂ ಮಾರುತ್ತಿದ್ದಾರಂತೆ. ಬಿಲ್ಡಿಂಗಿನ ಗುರುತು ಹೇಳಿದ.

ಶನಿವಾರ ಅರ್ಧ ದಿನ. ಯಾರಿಗೂ ಹೇಳದೆ ಗ್ರಾಂಟ್ ರೋಡಿನಲ್ಲಿ ಇಳಿದೆ. ನಮ್ಮ ಊರಿನವರ ಹೋಟೆಲಿನ ಪಕ್ಕದ ಗಲ್ಲಿ, ಅದರೊಳಗೆ ಹಳೇ ಪಾರ್ಸಿ ಬಿಲ್ಡಿಂಗು, ನೆಲ ಮಹಡಿಯ ಹಿಂದಿನ ಕೋಣೆ. ಬಾಗಿಲು ತೆರೆದ ಮುದುಕರು ತೆಳ್ಳಗೆ ಉದ್ದ, ಬಿಳಿ ಪೈಜಾಮ, ಪಾರ್ಸಿಗಳು ಹಾಕುವ ಸದ್ರಾ ಬನಿಯನ್, ಮೂಗಿನ ತುದಿಗೆ ಕನ್ನಡಕ.

"ಯೆಸ್? ವಿಮೆಯವಳಾ?" ಎಂದರು ಇಂಗ್ಲಿಷಿನಲ್ಲಿ.

"ಮಿಲ್ಲಿಂಗ್ ಮಷಿನ್ ನೋಡಲು ಬಂದೆ."

ಅವರು ನನ್ನ ಹಿಂದೆ ಗಂಡಸರು ಯಾರಾದರೂ ಇದ್ದಾರಾ ಎಂದು ಇಣುಕಿದರು. ಇಲ್ಲ ಎಂದು ಖಾತ್ರಿಯಾದ ಮೇಲೆ ಒಳಗೆ ಕರೆದರು. ಮಷಿನ್ ಬೆಂಚಿನ ಮೇಲೆ ಕೂತಿತ್ತು. ನಾನು ಆನೆ ಎಂದುಕೊಂಡಿದ್ದೆ, ಇದು ಕರು. ಇಂಗ್ಲೆಂಡಿನದು, ಬೂದು ಬಣ್ಣ, ಟೇಬಲ್ಲಿಗೆ ಎರಡೂ ತುದಿಯಲ್ಲಿ ಒಂದೊಂದು ಹಿಡಿಕೆ.

"ಮೋಟರ್ ಮನೆಯ ಕರೆಂಟಿಗೆ ಓಡ್ತದಾ, ಫ್ಯಾಕ್ಟರಿಯ ತ್ರೀ ಫೇಸಾ?" ಎಂದೆ.

ಕನ್ನಡಕ ಸರಿಮಾಡಿಕೊಂಡರು. "ಮನೆಯದ್ದೇ. ನಾನೇ ಬದಲಾಯಿಸಿದ್ದು. ಮತ್ತೇನು ಕೇಳಬೇಕು, ಮೇಡಮ್?"

ನಾನು ಹಿಡಿಕೆ ಒಂದು ಕಡೆ ತಿರುಗಿಸಿ ಆಮೇಲೆ ಹಿಂದಕ್ಕೆ ತಿರುಗಿಸಿದೆ. ಸ್ವಲ್ಪ ದೂರ ಖಾಲಿ ತಿರುಗಿ ಆಮೇಲೆ ಟೇಬಲ್ ಕದಲಿತು. ಸ್ಕ್ರೂ ಸವೆದಿದೆ ಎಂದು ಅರ್ಥ.

"ಬ್ಯಾಕ್‌ಲ್ಯಾಷ್ ಇದೆ," ಎಂದೆ.

"ನನ್ನ ವಯಸ್ಸಿಗೆ ನಿನಗೂ ಇರುತ್ತೆ, ಡಿಕ್ರಿ," ಎಂದು ಗಟ್ಟಿಯಾಗಿ ನಕ್ಕರು. ಮೇಡಮ್ಮಿನಿಂದ ಮಗಳಾದೆ. "ಅದಕ್ಕೇ ಇದರಲ್ಲಿ ಜಾಬನ್ನು ಯಾವಾಗಲೂ ಕಟರ್‌ಗೆ ಎದುರಾಗಿ ಕೊಡಬೇಕು. ಕಟರ್ ತಿರುಗುವ ದಿಕ್ಕಿಗೇ ಕೊಟ್ಟೆಯೋ, ಜಾಬನ್ನು ಬಾಚಿ ಎಳೆದುಕೊಳ್ಳುತ್ತೆ. ಓಡಿಸೋದು ಯಾರು, ನೀನಾ?"

"ನನ್ನ ಗಂಡ. ಟರ್ನರ್." ಮತ್ತೆ ಕೈಯ ವಿಷಯವನ್ನೂ ಹೇಳಿದೆ.

ಅವರು ಟೇಬಲ್ಲನ್ನು ಮೊದಲಿನ ಜಾಗಕ್ಕೆ ತಂದು ನಿಲ್ಲಿಸಿದರು. "ಹೆಂಡತಿಯರಿಗೆ ನಾನು ಮಾರೋದಿಲ್ಲ, ಸಾರಿ. ಯಾರು ಓಡಿಸ್ತಾರೋ ಅವರು ಬಂದು ನನ್ನ ಎದುರು ಕಬ್ಬಿಣದ ಮೇಲೆ ಒಂದು ಕಟ್ ತೆಗೆಯಬೇಕು. ಅದು ನನ್ನ ರೂಲ್. ದಲಾಲರು ಬಂದಿದ್ದರು, ವಾಪಸ್ ಕಳಿಸಿದೆ. ಅವನನ್ನು ಕರೆದುಕೊಂಡು ಬಾ."

ಮನೆಯಲ್ಲಿ ಹೇಳಿದಾಗ ಅತ್ತೆ ಅಲಸಂಡೆ ಮುರಿಯುತ್ತಿದ್ದರು. ಕೈ ಹೋದಾಗ ಬಂದ ಪರಿಹಾರ ಬ್ಯಾಂಕಿನಲ್ಲಿ ಹಾಗೇ ಇತ್ತು, ಯಾರೂ ಮುಟ್ಟಿರಲಿಲ್ಲ, ಆ ಮಾತನ್ನೂ ಎತ್ತುತ್ತಿರಲಿಲ್ಲ. ಅತ್ತೆ ಅಂದು ಎತ್ತಿದರು.

"ಬೆರಳು ಕೊಟ್ಟು ಬಂದ ದುಡ್ಡು ಅದು. ಅದನ್ನು ಕೊಟ್ಟು ಇನ್ನೊಂದು ಕಬ್ಬಿಣ ತರುದಾ? ಉಳಿದ ಬೆರಳು ಇನ್ನು ಅದಕ್ಕಾ?"

"ಬೆರಳಿನ ದುಡ್ಡಾದರೆ ಬೆರಳಿನ ಕೆಲಸಕ್ಕೇ ಹೋಗಲಿ ಅತ್ತೆ. ಬ್ಯಾಂಕಿನಲ್ಲಿಟ್ಟರೆ ಬೆರಳು ಮೊಳೆಯುದಿಲ್ಲವಲ್ಲ?"

"ಕಾನ್ವೆಂಟಿನಲ್ಲಿ ಇದನ್ನೇ ಕಲಿಸಿದ್ದು ನಿನಗೆ, ಎದುರು ಮಾತಾಡುದು," ಎಂದು ಅಲಸಂಡೆಯನ್ನು ಪಟ್ಟನೆ ಮುರಿದರು.

ಮೇಲಿನಾಕೆಗೂ ಸುದ್ದಿ ಹೋಯಿತು. "ಮಿಲ್ ತಗೋತೀರಂತ? ನಮ್ಮನಿಯವ್ರಿಗೂ ಒಂದ್ ನೌಕರಿ ಕೊಡ್ರೆವ್ವಾ, ಪರೇಲಿನ ಬಟ್ಟಿ ಮಿಲ್ಲಿಗೆ ಹೋಗೂದಾರೂ ತಪ್ತದ." ಇಡೀ ಕಾಲನಿ ನಕ್ಕಿತು. ನಗಲಿ.

ನನಗೆ ಆಶ್ಚರ್ಯ ತಂದದ್ದು ನನ್ನ ಗಂಡನ ಉತ್ತರ. ಕುಣಿಯುತ್ತಾರೆ ಎಂದುಕೊಂಡಿದ್ದೆ.

"ಬೇಡ ಮಾರಾಯ್ತಿ," ಎಂದರು. "ಅರ ಸಾಕು."

"ಅರದಲ್ಲಿ ಆಗುದಿಲ್ಲ ಅಂತ ನಿಮಗೇ ಗೊತ್ತುಂಟು."

"ಆಗದಿದ್ದರೆ ಬೇಡ. ಒಂದು ಆಟದ ಎಂಜಿನ್, ಅದಕ್ಕೆ ಎಂತ ಇಷ್ಟು?"

ಆಟದ ಎಂಜಿನ್. ಆ ಮಾತು ಅವರ ಬಾಯಲ್ಲಿ ನಾನು ಯಾವತ್ತೂ ಕೇಳಿರಲಿಲ್ಲ. ಬೇರೆ ಯಾರಾದರೂ ಹಾಗೆಂದರೆ ಎರಡು ದಿನ ಮಾತು ಬಿಡುತ್ತಿದ್ದ ಮನುಷ್ಯ. ಆಗ ನನಗೆ ತಿಳಿಯಿತು, ಇವರಿಗೆ ಹೆದರಿಕೆ. ಲೇಥ್ ಅವರ ಹಳೇ ಗೆಳೆಯ, ಕಾಲು ನಿಲ್ಲಿಸಿದರೆ ಅದೂ ನಿಲ್ಲುತ್ತದೆ. ಇದಕ್ಕೆ ಮೋಟರ್, ಹಲ್ಲುಗಳೆಲ್ಲ ಹೊರಗೆ. ಹೆದರಿಕೆಯನ್ನು ಅವರು ಹೇಳುವವರಲ್ಲ, ನಾನು ಕೇಳುವವಳೂ ಅಲ್ಲ. ಆದರೆ ಹೀಗೇ ಬಿಟ್ಟರೆ ಈ ವರ್ಷ ಮಿಲ್ಲಿಂಗ್ ಮಷಿನ್ ಬೇಡ, ಮುಂದಿನ ವರ್ಷ ಲೇಥ್ ಬೇಡ, ಆಮೇಲೆ ಬರೀ ಸ್ಟೋರ್ಸಿನ ಕುರ್ಚಿ. ಅದನ್ನು ನಾನು ನೋಡಲು ತಯಾರಿರಲಿಲ್ಲ. ನೋ, ಸರ್.

"ಸರಿ, ನೀವು ಬರಬೇಡಿ. ಆ ಮುದುಕರ ಎದುರು ಕಟ್ ನಾನೇ ತೆಗೀತೇನೆ. ಕಲಿತು ನಾನೇ ಓಡಿಸ್ತೇನೆ."

"ಸೀರೆ ಉಟ್ಟುಕೊಂಡಾ?"

"ಸೆರಗು ಸಿಕ್ಕಿಸಲಿಕ್ಕೆ ಬರ್ತದೆ ನನಗೆ."

ನನ್ನ ಮುಖ ನೋಡಿದರು. ತಮಾಷೆಯಲ್ಲ ಎಂದು ಗೊತ್ತಾಯಿತು. "ನೀನು ಮೋಸ ಹೋಗ್ತಿ, ಅದಕ್ಕೆ ಬರ್ತೇನೆ. ನೋಡಲಿಕ್ಕೆ ಮಾತ್ರ," ಎಂದರು.

ಮುಂದಿನ ಶನಿವಾರ ಇಬ್ಬರೂ ಹೋದೆವು. ಲೋಕಲಿನಲ್ಲಿ ದಾರಿಯುದ್ದಕ್ಕೂ ಅವರ ಬಲಗೈ ಜೇಬಿನೊಳಗೇ ಇತ್ತು. ಕೋಣೆಗೆ ಕಾಲಿಟ್ಟಾಗ ಹೊರಗೆ ಬಂತು. ಮಷಿನಿನ ಟೇಬಲ್ಲನ್ನು ಎಮ್ಮೆಯ ಮೈ ಸವರಿದ ಹಾಗೆ ಸವರಿದರು. ಮುದುಕರು ಅವರ ಕೈಯನ್ನು ನೇರವಾಗಿ ನೋಡಿದರು, ಅಯ್ಯೋ ಎನ್ನಲಿಲ್ಲ. ವೈಸಿಗೆ ಒಂದು ಬೀಡಿನ ತುಂಡು ಬಿಗಿದು, "ಚಲೋ ಡಿಕ್ರಾ, ಏಕ್ ಕಟ್," ಎಂದು ಮೋಟರ್ ಹಾಕಿದರು.

ಮಷಿನಿನ ಮುಂದೆ ನಿಂತವರು ಬಲತುದಿಯ ಹಿಡಿಕೆಯನ್ನು ಬಲಗೈಯಲ್ಲಿ ತಿರುಗಿಸುವುದು ರೂಢಿ. ಇವರ ಬಲಗೈ ನಂಬುವ ಹಾಗಿಲ್ಲ. ಹೀಗಾಗಿ ಎಡಕ್ಕೆ ಸರಿದು ಎಡತುದಿಯ ಹಿಡಿಕೆಯನ್ನು ಎಡಗೈಯಲ್ಲಿ ಹಿಡಿದರು. ಹಿಡಿದು, ಇಪ್ಪತ್ತು ವರ್ಷದ ಅಭ್ಯಾಸದಂತೆ ಗಡಿಯಾರದ ಮುಳ್ಳಿನ ಹಾಗೆ ತಿರುಗಿಸಿದರು. ಎಡತುದಿಯಿಂದ ಹಾಗೆ ತಿರುಗಿಸಿದರೆ ಟೇಬಲ್ ಹೋಗುವುದು ಉಲ್ಟಾ ದಿಕ್ಕಿಗೆ. ಕಟರ್ ಜಾಬನ್ನು ಬಾಚಿತು. ಢಣ್ ಎಂದು ಒಂದು ಸದ್ದು. ವೈಸ್ ಸೊಟ್ಟಗಾಗಿ, ಕಟರ್ ಮುರಿದು, ಅದರ ಚೂರು ಗೋಡೆಗೆ ಬಡಿದು ಕೆಳಗೆ ಉರುಳಿತು.

ಮುದುಕರು ಮೋಟರ್ ನಿಲ್ಲಿಸಿದರು. ನನ್ನ ಗಂಡನ ಎರಡೂ ಕೈ ಎದೆಗೆ ಒತ್ತಿಕೊಂಡಿದ್ದವು. ಮುಖ ಸುಣ್ಣ. ನಾನು ಓಡಿ ಬೆರಳು ನೋಡಿದೆ. ಏನೂ ಆಗಿರಲಿಲ್ಲ.

"ಹೋಗುವ," ಎಂದರು ಕನ್ನಡದಲ್ಲಿ. "ಸಾಕು. ಹೋಗುವ."

"ಯಾಕೆ ಹೀಗಾಯ್ತು?" ಎಂದೆ.

"ಗೊತ್ತಿಲ್ಲ. ನಡಿ."

"ಯಾಕಾಯ್ತು ಹೇಳಿ, ಆಮೇಲೆ ಹೋಗುವ."

ಕೋಪ ಬಂತು ಅವರಿಗೆ. ಬರಲಿ ಎಂದೇ ನಾನು ಬಾಗಿಲಿಗೆ ಅಡ್ಡ ನಿಂತೆ. ಅವರು ಗಾಳಿಯಲ್ಲಿ ಎಡಗೈ ಎತ್ತಿ ಇಲ್ಲದ ಹಿಡಿಕೆಯೊಂದನ್ನು ತಿರುಗಿಸಿದರು. ಮತ್ತೊಮ್ಮೆ ತಿರುಗಿಸಿದರು. ನಿಲ್ಲಿಸಿದರು.

"ಎಡಗಡೆಯಿಂದ ಉಲ್ಟಾ. ನಾನು ಕಟರಿನ ಜೊತೆಗೇ ಕೊಟ್ಟೆ."

"ಆ ಪ್ರೆಸ್ ಯಾಕೆ ಬಿತ್ತು ಅಂತ ಇವತ್ತಿಗೂ ನಮಗೆ ಯಾರೂ ಹೇಳಲಿಲ್ಲ," ಎಂದೆ. "ಇದು ಯಾಕೆ ಹಿಡೀತು ಅಂತ ನಿಮಗೇ ಗೊತ್ತುಂಟು. ಎರಡೂ ಒಂದೇ ಅಲ್ಲ."

ಮುದುಕರಿಗೆ ನಮ್ಮ ಕನ್ನಡ ಒಂದು ಅಕ್ಷರವೂ ತಿಳಿಯದು, ಆದರೂ ಅವರು ಡ್ರಾಯರಿನಿಂದ ಇನ್ನೊಂದು ಕಟರ್ ತೆಗೆದು ಬಟ್ಟೆಯಲ್ಲಿ ಒರೆಸತೊಡಗಿದ್ದರು. "ಮೊದಲ ವಾರ ನಾನು ಮುರಿದದ್ದಕ್ಕೆ ಲೆಕ್ಕವಿಲ್ಲ," ಎಂದರು ಹಿಂದಿಯಲ್ಲಿ, ಯಾರಿಗೂ ಅಲ್ಲದ ಹಾಗೆ.

ನನ್ನ ಗಂಡ ಬೆಂಚಿನ ಮೇಲಿನ ಸೀಮೆಸುಣ್ಣ ತೆಗೆದುಕೊಂಡರು. ಎಡ ಹಿಡಿಕೆಯ ಹಿಂದೆ ಒಂದು ಬಾಣ ಬರೆದರು, ಯಾವ ಕಡೆ ತಿರುಗಿಸಬೇಕೋ ಆ ಕಡೆಗೆ. ವೈಸನ್ನು ನೆಟ್ಟಗೆ ಮಾಡಿ ತಾವೇ ಬಿಗಿದರು. ಮೋಟರಿನ ಸ್ವಿಚ್ಚನ್ನೂ ತಾವೇ ಹಾಕಿದರು. ಹಿಡಿಕೆಯನ್ನು ಮಾತ್ರ ಸುಮಾರು ಹೊತ್ತು ಮುಟ್ಟಲಿಲ್ಲ. ಕಟರ್ ಸುಮ್ಮನೆ ಗಾಳಿಯಲ್ಲಿ ತಿರುಗುತ್ತಿತ್ತು. ನಾನು ಹತ್ತಿರ ಹೋಗಲಿಲ್ಲ. ಆಮೇಲೆ ಎಡಗೈ ಹೋಯಿತು. ಬಾಣದ ಕಡೆಗೆ, ನಿಧಾನಕ್ಕೆ. ಕಬ್ಬಿಣದ ಪುಡಿ ಕರಿ ಎಳ್ಳಿನ ಹಾಗೆ ಉದುರತೊಡಗಿತು. ಅರ್ಧ ದಾರಿಯಲ್ಲಿ ಕೈ ಬದಲಾಯಿತು, ಅರ್ಧ ಬೆರಳಿನ ಬಲಗೈಯ ಅಂಗೈ ಹಿಡಿಕೆಯ ಮೇಲೆ ಬಂತು. ಅದನ್ನು ಅವರು ಗಮನಿಸಿದರೋ ಇಲ್ಲವೋ, ನಾನು ಕೇಳಿಲ್ಲ.

ಮೋಟರ್ ನಿಂತ ಮೇಲೆ ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದು ಅದರ ಮೇಲೆ ಉಕ್ಕಿನ ಪಟ್ಟಿ ಇಟ್ಟು ನೋಡಿದರು. ಕೆಳಗೆ ಬೆಳಕಿನ ಎಳೆಯೂ ಕಾಣಲಿಲ್ಲ.

"ಹೊಟ್ಟೆ ಇಲ್ಲ," ಎಂದರು ನನಗೆ.

"ತಗೊಳ್ಳುವನಾ?" ಎಂದೆ.

"ತಗೊಳ್ಳುವ."

ಟೆಂಪೋದಲ್ಲಿ ಮಷಿನ್ ಬಂದ ದಿನ ಅತ್ತೆ ಬೆಳಗಿನಿಂದ ಯಾರೊಂದಿಗೂ ಮಾತಾಡಿರಲಿಲ್ಲ. ಹಮಾಲರು ಅದನ್ನು ವರಾಂಡದಲ್ಲಿ ಇಳಿಸಿ ಹೋದ ಮೇಲೆ ಕುಂಕುಮದ ಭರಣಿ, ಒಂದು ದಾಸವಾಳ ಹಿಡಿದುಕೊಂಡು ಬಂದರು. "ಬಂದದ್ದು ಬಂತು. ಹೂ ಇಡದೆ ಇದನ್ನು ಮುಟ್ಟಬೇಡ," ಎಂದು ಮಗನಿಗೆ ಗದರಿದರು. ಇಂಗ್ಲೆಂಡಿನ ಮಷಿನಿಗೆ ಕುಂಕುಮ ಇಟ್ಟು, ಅದರ ಎದುರು ಬೆರಳು ತೋರಿಸಿ, "ನನ್ನ ಮಗನನ್ನು ಸರಿಯಾಗಿ ನೋಡಿಕೋ," ಎಂದು ತುಳುವಿನಲ್ಲಿ ತಾಕೀತು ಮಾಡಿದರು. ಧಾರವಾಡದಾಕೆ ಮೇಲಿನಿಂದ, "ಅಜ್ಜಿ, ಅದಕ್ಕ ತುಳು ತಿಳೀತದೇನ್ರಿ?" ಎಂದರು. "ತಿಳಿಯದಿದ್ದರೆ ಸೊಸೆ ಇಂಗ್ಲಿಷಿನಲ್ಲಿ ಹೇಳ್ತಾಳೆ," ಎಂದರು ಅತ್ತೆ.

ಸಿಲಿಂಡರಿನ ಮುಖಕ್ಕೆ ಅವರು ಆತುರಪಡಲಿಲ್ಲ. ಮಳೆಗಾಲ ಪೂರ್ತಿ ಬೇಡದ ತುಂಡುಗಳ ಮೇಲೆ ಕೈ ಪಳಗಿಸಿದರು. ದೀಪಾವಳಿ ಹತ್ತಿರ ಬಂದಾಗ ಒಂದು ದಿನ ಗಾಜಿನ ನೀಲಿ ಸಿಲಿಂಡರಿನ ಮುಖದ ತುಂಬ ಹತ್ತಿತು, ಮೂಲೆ ಮೂಲೆಗೂ. ಅದೇ ವಾರ ಗ್ರಾಂಟ್ ರೋಡಿನ ಮುದುಕರು ಕೋಣೆ ಖಾಲಿ ಮಾಡಿ ನವಸಾರಿಯ ತಂಗಿ ಮನೆಗೆ ಹೋಗುವವರಿದ್ದಾರೆ ಎಂದು ಪುಸ್ತಕದಂಗಡಿಯವನಿಂದ ತಿಳಿಯಿತು. "ಹೋಗುವ ಮೊದಲು ಒಮ್ಮೆ ಬರಲಿಕ್ಕೆ ಹೇಳು," ಎಂದರು ನನ್ನ ಗಂಡ.

ಭಾನುವಾರ ಬಂದರು, ಕರಿ ಟೋಪಿ, ಪಾರ್ಸಿಗಳ ಬಿಳಿ ಡಗಲಿ ಕೋಟು ಹಾಕಿಕೊಂಡು, ಮದುವೆ ಮನೆಗೆ ಬಂದ ಹಾಗೆ. ನನ್ನ ಗಂಡ ಸಿಲಿಂಡರನ್ನು ಅವರ ಕೈಗಿಟ್ಟು ಮತ್ತೆ ಮಷಿನಿಗೆ ತಿರುಗಿದರು, ಒಂದು ಕಟ್ ಅರ್ಧದಲ್ಲಿತ್ತು. ಮುದುಕರು ನೀಲಿ ಸ್ಟೂಲಿನ ಮೇಲೆ ಕೂತು ಅದನ್ನು ಹೊರಳಿಸಿ ಹೊರಳಿಸಿ ನೋಡಿದರು. ಹೊಗಳಲಿಲ್ಲ. ಅತ್ತೆ ಕೊಟ್ಟ ನೀರುದೋಸೆ ಮಾತ್ರ ಮತ್ತೆ ಮತ್ತೆ ಕೇಳಿ ಹಾಕಿಸಿಕೊಂಡರು. ಹೊರಡುವಾಗ ನನ್ನ ಗಂಡ ಎಣ್ಣೆ ಕೈ ಮುಗಿದರು. ಮುದುಕರು ಆ ಬಲಗೈಯನ್ನೇ ಹಿಡಿದು ಕುಲುಕಿ, ಡಗಲಿಗೆ ಕರೆ ಹತ್ತಿದ್ದನ್ನು ನೋಡಿಯೂ ನೋಡದಂತೆ ಇಳಿದು ಬಂದರು.

ಸ್ಟೇಷನ್ನಿನವರೆಗೆ ನಾನು ಜೊತೆಗೆ ಹೋದೆ. ದಾರಿಯಲ್ಲಿ ಒಂದೇ ಮಾತು ಆಡಿದರು. "ಕೆಲಸ ಸರಿಯಾಗಿದೆಯಾ ಎಂದು ಅವನು ನನ್ನನ್ನು ಕೇಳಲಿಲ್ಲ, ಗಮನಿಸಿದೆಯಾ? ಗುಡ್. ವೆರಿ ಗುಡ್."

ಚರ್ಚ್‌ಗೇಟ್ ಸ್ಲೋ ಬಂತು. ಫಸ್ಟ್ ಕ್ಲಾಸಿನಲ್ಲಿ ಹತ್ತಿಸಿದೆ. ಪ್ಲ್ಯಾಟ್‌ಫಾರ್ಮಿನಲ್ಲಿ ನಿಂತು ಕೈ ಬೀಸಿದೆ, ಅವರು ನನ್ನ ಕಡೆ ನೋಡುತ್ತಿರಲಿಲ್ಲ. ತಲೆಯ ಮೇಲಿನ ಫ್ಯಾನು ಕಟಕಟ ಎನ್ನುತ್ತಿತ್ತು. ಅವರು ಕೂರದೆ ಕತ್ತೆತ್ತಿ ಅದನ್ನೇ ದಿಟ್ಟಿಸುತ್ತಾ, ಪೇಪರ್ ಓದುತ್ತಿದ್ದ ಒಬ್ಬ ಸೂಟಿನವನಿಗೆ ಬೆರಳು ಮಾಡಿ ತೋರಿಸಿ ಏನೋ ಗದರುತ್ತಿದ್ದರು. ಸೂಟಿನವನು ಪೇಪರ್ ಮಡಚಿ ಮೇಲೆ ನೋಡಿದ. "ಬೇರಿಂಗ್! ಬೇರಿಂಗ್ ಗಯಾ!" ಎಂಬಷ್ಟು ನನಗೆ ಕೇಳಿಸಿತು. ರೈಲು ಹೊರಟಿತು.